ಪೆಟ್ಟಿಗೆಯ ಕೊನೆಯ ಹಲಗೆ

ಶನಿವಾರ, ಮಾರ್ಚ್ ೧೬
ಬೆಳಿಗ್ಗೆ, ವರ್ಕ್‌ಶಾಪಿನಿಂದ

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮ ಬೋಲ್ಟು ಮಾಡುವ ನಮಸ್ಕಾರಗಳು. ಈ ಪತ್ರದ ಜೊತೆಗೆ ಬಂದಿರುವ ಸಣ್ಣ ಡಬ್ಬಿಯನ್ನು ಮೊದಲು ಬಿಚ್ಚು. ಅದರಲ್ಲಿ ನಿನ್ನ ಹೊಸ ಕನ್ನಡಕವಿದೆ. ಗಾಜನ್ನು ನಿನ್ನ ಸೊಸೆ, ನನ್ನ ಮಗಳೇ, ಉಜ್ಜಿದ್ದಾಳೆ. ಅವಳು ಕೆಲಸ ಮಾಡುವ ಕನ್ನಡಕದಂಗಡಿಯಲ್ಲಿ ರಜೆ ಪಡೆಯುವ ಮುಂಚೆ ಮಾಡಿದ ಕೊನೆಯ ಜೋಡಿ ಇದು. ಹಾಕಿಕೊಂಡ ಮೇಲೆ ಮುಂದಕ್ಕೆ ಓದು. ಪತ್ರ ಉದ್ದವಿದೆ, ನನ್ನ ಅಕ್ಷರ ನಿನಗೆ ಗೊತ್ತೇ ಇದೆ.

ನೀನು ಮೂರು ಪತ್ರ ಬರೆದೆ, ನಾನು ಒಂದಕ್ಕೂ ಉತ್ತರ ಕೊಡಲಿಲ್ಲ. ಕೈಗೆ ಗ್ರೀಸು ಮೆತ್ತಿತ್ತು ಎಂದು ನೆಪ ಹೇಳಬಹುದಿತ್ತು, ಆದರೆ ಅದು ನಲವತ್ತು ವರ್ಷದಿಂದ ಮೆತ್ತಿಯೇ ಇದೆ. ಫೋನ್ ಮಾಡಬಹುದಿತ್ತು ಎನ್ನುತ್ತೀಯ. ಫೋನಿನಲ್ಲಿ ಈಗ ನನಗೆ ಅರ್ಧ ಮಾತು ಕೇಳಿಸುವುದಿಲ್ಲ, ಆ ಕಥೆಯೂ ಮುಂದೆ ಬರುತ್ತದೆ. ತಡವಾದದ್ದಕ್ಕೆ ನನ್ನನ್ನು ಕ್ಷಮಿಸು. ಬೈಯುವುದಿದ್ದರೆ ಪೂರ್ತಿ ಓದಿದ ಮೇಲೆ ಒಟ್ಟಿಗೇ ಬೈದುಬಿಡು.

ಮೂರು ಪತ್ರದಲ್ಲೂ ನಿನ್ನದು ಒಂದೇ ಪ್ರಶ್ನೆ. ಕಿವಿ ಕೇಳಿಸದ ಹುಡುಗಿಯನ್ನು ಒಬ್ಬಳನ್ನೇ ಮೋಟರ್ ಸೈಕಲ್ ಮೇಲೆ ಹನ್ನೊಂದು ದೇಶ ಸುತ್ತಲು ಕಳಿಸುತ್ತಿದ್ದೀಯಲ್ಲ, ನಿನ್ನ ತಲೆ ನೆಟ್ಟಗಿದೆಯಾ ಎಂದು. ಹುಡುಗಿಗೆ ಮೂವತ್ತಮೂರು ವರ್ಷವಾಯಿತು, ಅಕ್ಕ. ನಾನು ಕಳಿಸುತ್ತಿಲ್ಲ, ಅವಳು ಹೋಗುತ್ತಿದ್ದಾಳೆ. ನಾನು ಗಾಡಿ ತಯಾರು ಮಾಡಿಕೊಡುತ್ತಿದ್ದೇನೆ, ಅಷ್ಟೆ. ಯಾಕೆ ಹೋಗಬೇಕು ಎಂದು ನಾನೂ ಕೇಳಿದ್ದೆ. "ನೀವೆಲ್ಲ ಯಾರೋ ಹೇಳಿದ್ದು ಕೇಳಿ ತಿಳ್ಕೋತೀರ. ನಾನು ಹೋಗಿ ನೋಡೇ ತಿಳ್ಕೋಬೇಕು" ಎಂದಳು. ಇದಕ್ಕೆ ನೀನಾದರೆ ಏನು ಉತ್ತರ ಕೊಡುತ್ತಿದ್ದೆ?

ಈಗ ವರ್ಕ್‌ಶಾಪಿನ ಮಧ್ಯದಲ್ಲಿ, ಕಾರುಗಳನ್ನು ನಿಲ್ಲಿಸುವ ಜಾಗದಲ್ಲಿ, ಆಳೆತ್ತರದ ಮರದ ಪೆಟ್ಟಿಗೆ ಕೂತಿದೆ. ಗಾಡಿ ಅದರೊಳಗಿದೆ. ಮುಂದಿನ ಚಕ್ರ ಬಿಚ್ಚಿ ಪಕ್ಕಕ್ಕೆ ಕಟ್ಟಿದ್ದೇವೆ, ಹ್ಯಾಂಡಲ್ ತಿರುಗಿಸಿ ಟ್ಯಾಂಕಿನ ಮೇಲೆ ಮಲಗಿಸಿದ್ದೇವೆ, ಪೆಟ್ರೋಲು ಹನಿ ಬಿಡದೆ ಬಸಿದಿದ್ದೇವೆ. ಮಂಗಳವಾರ ಲಾರಿ ಬಂದು ಬಂದರಿಗೆ ಒಯ್ಯುತ್ತದೆ. ಮುಚ್ಚಳಕ್ಕೆ ಹನ್ನೆರಡು ಹಲಗೆ. ಹನ್ನೊಂದಕ್ಕೆ ಮೊಳೆ ಹೊಡೆದಾಗಿದೆ. ಹನ್ನೆರಡನೆಯದು ಇನ್ನೂ ಗೋಡೆಗೆ ಒರಗಿ ನಿಂತಿದೆ. ಅದು ಯಾಕೆ ನಿಂತಿದೆ ಎಂದು ಕೊನೆಯಲ್ಲಿ ಹೇಳುತ್ತೇನೆ.

ಜನವರಿಯಲ್ಲಿ ಕೆಲಸ ಶುರು ಮಾಡಿದಾಗ ನಾನು ಮಾಡಿದ ಮೊದಲ ಘನಕಾರ್ಯ ಕೇಳು. ಅವಳು ತಿರುವಿನಲ್ಲಿ ಇಂಡಿಕೇಟರ್ ಹಾಕಿ ಆರಿಸುವುದನ್ನು ಮರೆಯುತ್ತಾಳೆ. ದೂರದ ಹೆದ್ದಾರಿಯಲ್ಲಿ ಅದು ಅಪಾಯ. ಅದಕ್ಕೆ ನಾನು ಮೂರು ಅಂಗಡಿ ಅಲೆದು, ಇಡೀ ಭಾನುವಾರ ತಂತಿ ಎಳೆದು, ಇಂಡಿಕೇಟರ್ ಉರಿಯುವಷ್ಟು ಹೊತ್ತೂ ಕುಂಯ್ ಕುಂಯ್ ಎನ್ನುವ ಬಜರ್ ಕೂರಿಸಿದೆ. ಬೀದಿಯ ಆ ತುದಿಯವರೆಗೂ ಕೇಳುವಂಥದ್ದು. ಮಗಳನ್ನು ಕರೆದು, ಸ್ವಿಚ್ ಒತ್ತಿ, ಹೆಮ್ಮೆಯಿಂದ ಅವಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. "ಏನಪ್ಪಾ, ಏನಾಗಬೇಕು ಈಗ?" ಎಂದಳು.

ಅಕ್ಕ, ಜ್ವರದಲ್ಲಿ ಅವಳ ಕಿವಿ ಹೋದ ಮೇಲೆ ಇಪ್ಪತ್ತೊಂಬತ್ತು ವರ್ಷ ಅವಳ ಜೊತೆ ಒಂದೇ ಸೂರಿನಡಿ ಬದುಕಿದ ಅಪ್ಪ ನಾನು. ನನಗೆ ಅರ್ಥವಾಗಲು ಅರ್ಧ ನಿಮಿಷ ಹಿಡಿಯಿತು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ಟೂಲ್ ಬಾಕ್ಸಿನ ಮೇಲೆ ಕೂತು ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. ಬಜರ್ ಬಿಚ್ಚಿ ಹ್ಯಾಂಡಲ್ ಮೇಲೆ ಕೆಂಪು ದೀಪ ಹಾಕಿದೆ. ಈಗಲೂ ನಾನು ಏನಾದರೂ ಹೆಡ್ಡತನ ಮಾಡಿದರೆ "ಕುಂಯ್" ಎನ್ನುತ್ತಾಳೆ. ಆ ಸದ್ದು ಹೇಗಿರುತ್ತದೆ ಎಂದು ನನ್ನಿಂದಲೇ ಹೇಳಿಸಿಕೊಂಡು, ಕೈಯನ್ನು ನನ್ನ ಗಂಟಲಿಗಿಟ್ಟು ಕಲಿತದ್ದು.

ನಗು ಮುಗಿದ ಮೇಲೆ ನನಗೆ ದಿಗಿಲಾಯಿತು. ನಾನು ಗಾಡಿಯ ಕಾಯಿಲೆ ಹಿಡಿಯುವುದೆಲ್ಲ ಕಿವಿಯಿಂದ. ಮೇಸ್ತ್ರಿ ನನಗೆ ಕಲಿಸಿದ ಮೊದಲ ಪಾಠವೇ "ಮುಟ್ಟೋಕೆ ಮುಂಚೆ ಕೇಳು" ಎಂಬುದು. ಉದ್ದದ ಸ್ಕ್ರೂಡ್ರೈವರಿನ ಮೂತಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಒತ್ತಿದರೆ ಒಳಗಿನ ಒಂದೊಂದು ಬೇರಿಂಗಿನ ಮಾತೂ ಕೇಳುತ್ತದೆ. ಯಾವುದೋ ದೇಶದ ಬಟಾಬಯಲಿನಲ್ಲಿ ಇಂಜಿನ್ನು ಗೊರಗೊರ ಎಂದರೆ ಇವಳಿಗೆ ಹೇಗೆ ತಿಳಿಯಬೇಕು? ಆ ವಾರ ನನಗೆ ಊಟ ರುಚಿಸಲಿಲ್ಲ. ಕೊನೆಗೆ ನನ್ನ ತುಟಿ ಕಾಣುವ ಹಾಗೆ ಎದುರು ನಿಂತು ಅವಳಿಗೆ ಹೇಳಿಯೇಬಿಟ್ಟೆ, "ನಿನಗೆ ಇಂಜಿನ್ ಕೇಳೋಕೆ ಆಗಲ್ಲ, ನನಗೆ ಧೈರ್ಯ ಸಾಲ್ತಿಲ್ಲ" ಎಂದು.

ಆಗ ಅವಳು ನೆನಪಿಸಿದ್ದು ನಿನ್ನನ್ನು. ಅವಳಿಗೆ ಐದು ವರ್ಷವಿದ್ದಾಗ ನಾನು ಅಭ್ಯಾಸಬಲದಿಂದ "ಇಲ್ಲಿ ಕೇಳು" ಎನ್ನುತ್ತಿದ್ದೆನಂತೆ. ಅವಳು ನಿನ್ನ ಹತ್ತಿರ ಬಂದು, ನನಗೆ ಕೇಳೋಕೆ ಬರಲ್ಲವಲ್ಲ, ಅಪ್ಪ ಯಾಕೆ ಹಾಗಂತಾನೆ ಎಂದು ಅತ್ತಳಂತೆ. ನೀನು ಹೇಳಿದೆಯಂತೆ: "ಕೇಳೋದು ಎರಡು ಥರ ಇದೆ ಪುಟ್ಟಿ. ಕಿವೀಲಿ ಕೇಳೋದು ಹೋಯ್ತು. ಬಾಯಲ್ಲಿ ಕೇಳೋದು ನಿನ್ನ ಹತ್ರಾನೇ ಇದೆ. ಅದನ್ನ ಯಾರಿಗೂ ಬಿಟ್ಟುಕೊಡಬೇಡ." ಇದು ನನಗೆ ಗೊತ್ತೇ ಇರಲಿಲ್ಲ. ಇವಳು ಕಂಡಕಂಡವರಿಗೆಲ್ಲ ಪ್ರಶ್ನೆ ಕೇಳಿ ತಲೆ ತಿನ್ನುವುದಕ್ಕೆ ಮೂಲ ಎಲ್ಲಿದೆ ಎಂದು ಈಗ ತಿಳಿಯಿತು.

"ಅತ್ತೆ ಗಂಟಲ ಮೇಲೆ ಕೈ ಇಟ್ಟು ಮಾತು ಉಳಿಸಿಕೊಂಡೆ. ಇಂಜಿನ್ ಅತ್ತೆಗಿಂತ ಕಷ್ಟಾನಾ?" ಎಂದಳು. ಎಂದವಳೇ ನನ್ನ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡು, ಅದರ ಮೂತಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು. ಕಣ್ಣು ಮುಚ್ಚಿದಳು. ನೀನು ಅವಳಿಗೆ ಮಾತು ಕಲಿಸುತ್ತಿದ್ದ ದಿನಗಳಲ್ಲಿ ಕಿಟಕಿಯ ಪಕ್ಕ ಕೂತು ಹೀಗೆಯೇ ಕಣ್ಣು ಮುಚ್ಚುತ್ತಿದ್ದಳಲ್ಲ, ಅದೇ ಮುಖ.

ಅಲ್ಲಿಂದ ಆರು ವಾರ ಅದೇ ಅಭ್ಯಾಸ. ಸಂಜೆ ಅವಳು ಅಂಗಡಿಯಿಂದ ಬರುವಷ್ಟರಲ್ಲಿ ನಾನು ಬೇಕೆಂದೇ ಗಾಡಿಯನ್ನು ಕೆಡಿಸಿಡುತ್ತಿದ್ದೆ, ಅವಳು ಹುಡುಕಬೇಕು. ಚೈನು ಸಡಿಲವಾದರೆ ಅವಳಿಗೆ ಅಂಗಾಲಿಗೆ ಗೊತ್ತಾಗುತ್ತದೆ. ಇಂಜಿನ್ ಕಟ್ಟಿರುವ ಬೋಲ್ಟು ಸಡಿಲವಾದರೆ ಮೊಣಕಾಲಿಗೆ. ವಾಲ್ವಿನ ಸಂದು ಹೆಚ್ಚಾದರೆ "ಮುಂದಿನ ಎರಡು ಹಲ್ಲು ಜುಂ ಅನ್ನುತ್ತೆ" ಎನ್ನುತ್ತಾಳೆ. ಅದನ್ನೆಲ್ಲ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡಿದ್ದಾಳೆ, ಯಾವ ದೋಷ ದೇಹದ ಯಾವ ಭಾಗಕ್ಕೆ ತಿಳಿಯುತ್ತದೆ ಎಂದು. ಅದನ್ನು ಓದಿದರೆ ಡಾಕ್ಟರ ಚೀಟಿಯ ಹಾಗಿದೆ.

ಫೆಬ್ರವರಿ ಕೊನೆಯಲ್ಲಿ ಪರೀಕ್ಷೆ ಇಟ್ಟೆ. ನಾಲ್ಕು ದೋಷ ಮಾಡಿಟ್ಟು, ಅರ್ಧ ಗಂಟೆ ಕೊಟ್ಟೆ. ಇಪ್ಪತ್ತು ನಿಮಿಷದಲ್ಲಿ ನಾಲ್ಕನ್ನೂ ಹಿಡಿದಳು. ನಾನು ಭೇಷ್ ಎನ್ನುವಷ್ಟರಲ್ಲಿ ಮತ್ತೆ ಸ್ಕ್ರೂಡ್ರೈವರ್ ಕಚ್ಚಿಕೊಂಡು, "ಐದನೇದು ಇದೆ" ಎಂದಳು.

"ನಾನು ಮಾಡಿದ್ದು ನಾಲ್ಕೇ."

"ಐದು ಇದೆ ಅಪ್ಪ. ಇಲ್ಲಿ, ಕೆಳಗೆ, ಬಲಗಡೆ. ಮರಳು ಅಗಿದ ಹಾಗೆ."

ನಾನು ಸ್ಕ್ರೂಡ್ರೈವರ್ ಕಿವಿಗಿಟ್ಟು ಕೇಳಿದೆ. ಏನೂ ಇಲ್ಲ. ನಲವತ್ತು ವರ್ಷದ ಕಿವಿಯ ಮುಂದೆ ನಿನ್ನ ಹಲ್ಲು ಯಾವ ಲೆಕ್ಕ ಎಂದು ತಮಾಷೆ ಮಾಡಿದೆ. ಅವಳು ಬಿಡಲಿಲ್ಲ, ನಿನ್ನ ಸೊಸೆ ತಾನೇ. ಮೂರು ದಿನ ಜಗಳವಾಯಿತು. ನಾಲ್ಕನೇ ದಿನ, ಅವಳ ಬಾಯಿ ಮುಚ್ಚಿಸಲೆಂದೇ, ಇಂಜಿನ್ ಇಳಿಸಿ ಬಿಚ್ಚಿದೆ. ಬಲಗಡೆಯ ದೊಡ್ಡ ಬೇರಿಂಗಿನಲ್ಲಿ ಗುಂಡುಗಳನ್ನು ಹಿಡಿದಿಡುವ ಬಳೆ ಬಿರುಕು ಬಿಟ್ಟಿತ್ತು. ಇನ್ನೊಂದು ಸಾವಿರ ಮೈಲಿ ಹೋಗಿದ್ದರೆ ಇಂಜಿನ್ನು ಓಡುತ್ತಿರುವಾಗಲೇ ಬಿಗಿಯಾಗಿ ಹಿಡಿದುಕೊಂಡು, ಹಿಂದಿನ ಚಕ್ರ ನಿಂತು, ಅವಳನ್ನು ರಸ್ತೆಗೆ ಎಸೆಯುತ್ತಿತ್ತು.

ಆ ಬೇರಿಂಗನ್ನು ಕೈಯಲ್ಲಿ ಹಿಡಿದುಕೊಂಡು ನಾನು ನೆಲದ ಮೇಲೆ ಕೂತುಬಿಟ್ಟೆ. ಮರುದಿನ ಅವಳೇ ನನ್ನನ್ನು ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಸಣ್ಣ ಸದ್ದುಗಳು ನನಗೆ ಎಂದೋ ಹೋಗಿವೆಯಂತೆ, ವರ್ಕ್‌ಶಾಪಿನವರಿಗೆಲ್ಲ ಹೀಗೇ ಅಂತೆ. ಹೊರಗೆ ಬಂದು, "ಬಾ ಅಪ್ಪ, ನಮ್ಮ ಗುಂಪಿಗೆ" ಎಂದು ನನ್ನ ಬೆನ್ನು ತಟ್ಟಿದಳು.

ಅಂದಿನಿಂದ ನನ್ನ ಭಯ ಇಳಿಯಿತು. ನಾನು ಕಾಯಬೇಕೆಂದುಕೊಂಡವಳು ನನಗಿಂತ ಚೆನ್ನಾಗಿ ಕಾಯ್ದುಕೊಳ್ಳಬಲ್ಲಳು. ಇದನ್ನು ಅವಳಿಗೆ ಕೊಟ್ಟವಳು ನೀನು, ಅಕ್ಕ. ನಾಲ್ಕು ವರ್ಷ ಟೈಪಿಸ್ಟ್ ಕೆಲಸ ಬಿಟ್ಟು, ನಮ್ಮ ಮನೆಯ ಕಿಟಕಿಯ ಪಕ್ಕ ಕೂತು, ಮಗುವಿನ ಅಂಗೈಯನ್ನು ನಿನ್ನ ಗಂಟಲಿಗೆ ಒತ್ತಿಕೊಂಡು ಒಂದೊಂದು ಪದವನ್ನೂ ನೂರು ಸಲ ಹೇಳಿದೆ. ನಿನ್ನ ಗಂಟಲು ಕಟ್ಟಿಹೋದ ದಿನ ಗುನುಗಿದೆ. ಅವಳಿಗೆ ಬಂದಿದ್ದ ನಾಲ್ಕು ಮಾತು ಮರೆತುಹೋಗದ ಹಾಗೆ ನೋಡಿಕೊಂಡೆ. ಆ ಅಂಗೈಯೇ ಇಂದು ಅವಳ ಜೀವ ಉಳಿಸಿದ್ದು. ಇದಕ್ಕೆ ಥ್ಯಾಂಕ್ಸ್ ಎಂದು ಬರೆದರೆ ನನಗೇ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ. ಇಷ್ಟು ವರ್ಷ ಒಮ್ಮೆಯೂ ಹೇಳಿರಲಿಲ್ಲ.

ಬಿಡಿಭಾಗಗಳ ವಿಷಯಕ್ಕೆ ಬರುತ್ತೇನೆ, ಇಲ್ಲದಿದ್ದರೆ ಅಳುಬುರುಕ ಎನ್ನುತ್ತೀಯ. ನಾನು ಆರಿಸಿಟ್ಟ ಸಾಮಾನು ನಲವತ್ತೆರಡು ಕಿಲೋ ಆಯಿತು. "ಇಷ್ಟು ತಗೊಂಡು ಹೋದ್ರೆ ಅಲ್ಲೇ ಇನ್ನೊಂದು ವರ್ಕ್‌ಶಾಪ್ ತೆಗೀಬಹುದು" ಎಂದು ಮಗಳು ಅದನ್ನೆಲ್ಲ ನೆಲಕ್ಕೆ ಸುರಿದಳು. ಒಂದೊಂದನ್ನೂ ಎತ್ತಿ ಹಿಡಿದು ಪ್ರಶ್ನೆ. ಇದು ಕೆಟ್ಟರೆ ಗಾಡಿ ನಿಲ್ಲುತ್ತಾ? ದಾರೀಲಿ ಸಿಗುತ್ತಾ? ನಾನೊಬ್ಬಳೇ ಹಾಕಬಹುದಾ? ಉತ್ತರ ತೃಪ್ತಿಯಾಗದಿದ್ದರೆ ಪಕ್ಕಕ್ಕೆ. ನನ್ನ ಮುದ್ದಿನ ಪಿಸ್ಟನ್ನು ಮೊದಲ ಸುತ್ತಿನಲ್ಲೇ ಸೋತಿತು. ಕೊನೆಗೆ ಹನ್ನೊಂದು ಕಿಲೋ ಉಳಿಯಿತು: ಟ್ಯೂಬು, ಪ್ಲಗ್ಗು, ಕ್ಲಚ್ಚಿನ ಪ್ಲೇಟು, ಚೈನಿನ ಕೊಂಡಿಗಳು, ಬ್ರೇಕಿನ ಜೋಡಿ, ಚಕ್ರದ ಬೇರಿಂಗು. ಒಂದರಲ್ಲಿ ಮಾತ್ರ ನಾನು ಗೆದ್ದೆ. ಕ್ಲಚ್ ಕೇಬಲ್ಲಿನ ಪಕ್ಕದಲ್ಲೇ ಇನ್ನೊಂದು ಕೇಬಲ್ಲನ್ನು ಮೊದಲೇ ಎಳೆದು, ತುದಿಗಳಿಗೆ ಎಣ್ಣೆ ಬಟ್ಟೆ ಸುತ್ತಿ ಕಟ್ಟಿಟ್ಟಿದ್ದೇನೆ. ಒಂದು ಹರಿದರೆ ಎರಡು ನಿಮಿಷದಲ್ಲಿ ಇನ್ನೊಂದನ್ನು ಸಿಕ್ಕಿಸಿ ಹೊರಡಬಹುದು. ಅದನ್ನು ನೋಡಿ ಅವಳು ಏನೂ ಕೇಳಲಿಲ್ಲ, ನನ್ನ ಭುಜಕ್ಕೆ ತಲೆ ತಾಗಿಸಿ ಹೋದಳು.

ಪ್ರತಿಯೊಂದಕ್ಕೂ ಚೀಟಿ ಅಂಟಿಸಿದ್ದಾಳೆ, ಕನ್ನಡಕದಂಗಡಿಯ ಅಕ್ಷರ, ಸಾಸಿವೆ ಕಾಳಿನಷ್ಟು. ಬಂದರಿನ ಏಜೆಂಟರು ಕಟ್ಟುನಿಟ್ಟಾಗಿ ಹೇಳಿದ್ದಾರೆ, ಪಟ್ಟಿಯಲ್ಲಿ ಇಲ್ಲದ ಒಂದು ವಾಷರ್ ಕೂಡ ಪೆಟ್ಟಿಗೆಯೊಳಗೆ ಸಿಗಬಾರದು ಎಂದು. ಪಟ್ಟಿಯ ನಾಲ್ಕು ಪ್ರತಿ ಬರೆದು ನನ್ನ ಕೈ ಬಿದ್ದುಹೋಗಿದೆ.

ಇಷ್ಟೇ ಸಮಾಚಾರ. ನೀನು ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ಭಾವನವರಿಗೆ ನನ್ನ ನಮಸ್ಕಾರ ತಿಳಿಸು. ಮಗಳು ನಿನಗೆ ಮುತ್ತು ಕಳಿಸಿದ್ದಾಳೆ. ಪ್ರತಿ ಗಡಿ ದಾಟಿದಾಗಲೂ ನಿನಗೊಂದು ಕಾರ್ಡು ಹಾಕುತ್ತಾಳಂತೆ. ಅವಳ ತಲೆಯ ಮೇಲೆ ನಿನ್ನ ಕೈ ಸದಾ ಇರಲಿ. ನನ್ನ ತಲೆಯ ಮೇಲೂ ಇರಲಿ ಎಂದು ಕೇಳಲು ಧೈರ್ಯವಿಲ್ಲ, ಯಾಕೆಂದು ಕೆಳಗೆ ಓದು.

ನಿನ್ನ ತಮ್ಮ,
ಬೋಲ್ಟು

ವಿ.ಸೂ.: ಅಕ್ಕ, ಕನ್ನಡಕ ತೆಗೆಯಬೇಡ.

ಹೋದ ಸೋಮವಾರ ಪೆಟ್ಟಿಗೆಗೆ ಮೊಳೆ ತರಲು ನಾವಿಬ್ಬರೂ ಪಕ್ಕದ ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದೆವು. ಮಗುವಿಗೆ ಜ್ವರ ಬಂದ ಆ ದಿನದಿಂದ ನೀನು ಮೆಟ್ಟಿಲು ಹತ್ತದ ಅದೇ ಅಂಗಡಿ. ಮಗಳು ಆಚೆ ಬಣ್ಣದ ಡಬ್ಬಿಗಳ ಹತ್ತಿರ ನಿಂತಿದ್ದಳು. ಯಜಮಾನರಿಗೆ ಈಗ ತುಂಬಾ ವಯಸ್ಸಾಗಿದೆ. ಮೊಳೆ ತೂಗುತ್ತಾ, ದನಿ ತಗ್ಗಿಸಿ ಹೇಳಿದರು: "ನಿಮ್ಮಕ್ಕನಿಗೆ ನನ್ನ ಮೇಲೆ ಇನ್ನೂ ಕೋಪಾನಾ? ನಾನು ಅವತ್ತು ತಕ್ಷಣ ಬಂದು ಹೇಳಿದ್ದೆ ಅಂತ ಒಂದ್ಸಲ ಆದ್ರೂ ನೀವು ಅವರಿಗೆ ಹೇಳಬಹುದಿತ್ತು." ಅವರು ದನಿ ತಗ್ಗಿಸಿದರೆ ಇವಳಿಗೇನು, ತುಟಿ ಕಾಣುತ್ತಿತ್ತು. ಹೊರಗೆ ಬಂದು, "ಯಾವತ್ತು? ಏನು ಹೇಳಿದ್ರು ಅವರು?" ಎಂದು ಕೇಳಿದಳು.

ಜ್ವರದ ಆ ದಿನ, ವರ್ಕ್‌ಶಾಪಿನಲ್ಲಿ ಫೋನ್ ಇರಲಿಲ್ಲವಾದ್ದರಿಂದ, ನೀನು ಬೆಳಿಗ್ಗೆ ಹನ್ನೊಂದು ಗಂಟೆಗೆ ಆ ಅಂಗಡಿಗೆ ಫೋನ್ ಮಾಡಿದೆ. ಮಗುವಿಗೆ ಜ್ವರ ಏರಿದೆ, ಕತ್ತು ಬಗ್ಗಿಸುತ್ತಿಲ್ಲ, ಬೋಲ್ಟು ಗಾಡಿ ತೆಗೆದುಕೊಂಡು ಬರಲಿ ಎಂದೆ. ಅವರು ಮರೆಯಲಿಲ್ಲ, ಅಕ್ಕ. ಹನ್ನೊಂದೂ ಐದಕ್ಕೆ ಬಂದು ನನ್ನ ಎದುರು ನಿಂತು ಹೇಳಿದರು. ಮೇಸ್ತ್ರಿ ಊರಲ್ಲಿರಲಿಲ್ಲ. ಮರುದಿನ ದೂರಪ್ರಯಾಣ ಹೊರಡುವವನೊಬ್ಬನ ಇಂಜಿನ್ನನ್ನು ನನ್ನನ್ನು ನಂಬಿ ಬಿಟ್ಟುಹೋಗಿದ್ದರು. ಅದನ್ನು ಬಿಚ್ಚಿ ಹಾಸಿಕೊಂಡಿದ್ದೆ. ಜ್ವರ ತಾನೇ, ಮನೆಯಲ್ಲಿ ಅಕ್ಕ ಇದ್ದಾಳಲ್ಲ, ಇದನ್ನು ಜೋಡಿಸಿ ಹೋಗೋಣ ಎಂದುಕೊಂಡೆ. ಜೋಡಿಸಿ ಮುಗಿದಾಗ ನಾಲ್ಕು ಗಂಟೆ. ಆಸ್ಪತ್ರೆಯಲ್ಲಿ ಡಾಕ್ಟರು "ಯಾಕಿಷ್ಟು ತಡ?" ಎಂದಾಗ ನನ್ನ ಬಾಯಿಂದ "ಈಗ ತಾನೇ ಗೊತ್ತಾಯ್ತು" ಎಂದು ಬಂತು. ನೀನು ಪಕ್ಕದಲ್ಲೇ ಇದ್ದೆ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ನನ್ನಿಂದಾಗಲಿಲ್ಲ. ಮಗುವನ್ನು ನಿನಗೊಪ್ಪಿಸಿ ಊರಿಗೆ ಹೋಗಿದ್ದು, ಸುದ್ದಿ ತಿಳಿದು ಓಡಿಬಂದ ನನ್ನ ಹೆಂಡತಿಯೂ ಅದನ್ನೇ ನಂಬಿದಳು, ಕೊನೆಯುಸಿರಿನವರೆಗೂ ನಂಬಿದ್ದಳು.

ಅಂಗಡಿಯವರ ಮಾತು ನಂಬಿ ಕೂತೆ, ಮಗುವನ್ನು ಎತ್ತಿಕೊಂಡು ನಾನೇ ಓಡಬೇಕಿತ್ತು ಎಂದು ನೀನು ನಿನ್ನನ್ನೇ ಬೈದುಕೊಂಡು ಅಳುವಾಗ ನಾನು ಎದುರಿಗೇ ಕೂತಿದ್ದೆ. ಕೆಲಸ ಬಿಟ್ಟು ನಮ್ಮ ಮನೆಗೆ ಬಂದಾಗ "ನನ್ನ ತಪ್ಪಿಗೆ ಇಷ್ಟಾದ್ರೂ ಮಾಡ್ತೀನಿ" ಎಂದೆ. ನಾನು ಸುಮ್ಮನೆ ನಿನ್ನ ಪೆಟ್ಟಿಗೆಯನ್ನು ಒಳಗಿಟ್ಟೆ. ಅದು ನಿನ್ನ ತಪ್ಪಾಗಿರಲಿಲ್ಲ. ಅವರ ತಪ್ಪೂ ಆಗಿರಲಿಲ್ಲ.

ಇದನ್ನೆಲ್ಲ ಮಗಳಿಗೆ ಹೇಳಿದೆ. "ಸರಿಯಾಗಿ ಕಾಣಲಿಲ್ಲ, ಇನ್ನೊಂದ್ಸಲ ಹೇಳು" ಎಂದಳು. ನನ್ನ ತುಟಿ ನಡುಗುತ್ತಿತ್ತು. ಮತ್ತೆ ಮೊದಲಿಂದ ಹೇಳಿದೆ. ಅವಳು, "ಆ ಗಾಡಿ ಸ್ಟಾರ್ಟ್ ಆಯ್ತಾ?" ಎಂದು ಕೇಳಿದಳು.

"ಆಯ್ತು. ಒಂದೇ ಕಿಕ್ಕಿಗೆ."

"ಸದ್ಯ" ಎಂದು ಒಳಗೆ ಹೋದಳು.

ಆಮೇಲೆ ಎರಡು ದಿನ ಅವಳು ನನ್ನ ತುಟಿಯ ಕಡೆ ನೋಡಲಿಲ್ಲ. ಅವಳು ತುಟಿ ನೋಡದಿದ್ದರೆ ಬಾಗಿಲು ಹಾಕಿಕೊಂಡ ಹಾಗೆ ಎಂದು ನಿನಗೆ ಹೇಳಬೇಕಾಗಿಲ್ಲ. ಹಲಗೆ ಹಿಡಿದುಕೊಂಡಳು, ನಾನು ಮೊಳೆ ಹೊಡೆದೆ. ಗುರುವಾರ ಹನ್ನೆರಡನೇ ಹಲಗೆ ಎತ್ತಿದಾಗ ಸುತ್ತಿಗೆಯನ್ನು ಹಿಡಿದು ನಿಲ್ಲಿಸಿದಳು. ತನ್ನ ಅಂಗೈಯನ್ನು ನನ್ನ ಗಂಟಲ ಮೇಲೆ ಇಟ್ಟಳು, ನೀನು ಕಲಿಸಿದ ಹಾಗೆ.

"ಈಗ ಹೇಳು."

ಮೂರನೇ ಸಲ ಹೇಳಿದೆ. ಕೈ ತೆಗೆಯದೆ ಕೊನೆಯವರೆಗೂ ನಿಂತಿದ್ದಳು. ಆಮೇಲೆ, "ನಾನು ವಾಪಸ್ ಬರೋ ಹೊತ್ತಿಗೆ ನನ್ನ ಸಿಟ್ಟು ಇಳಿದಿರುತ್ತೆ. ಅತ್ತೆಗೆ ಬರಿ. ಬರೆಯೋವರೆಗೂ ಇದಕ್ಕೆ ಮೊಳೆ ಹೊಡೆಯಲ್ಲ. ಪಟ್ಟೀಲಿ ಇಲ್ಲದ್ದು ಯಾವುದೂ ನನ್ನ ಪೆಟ್ಟಿಗೇಲಿ ಬರಬಾರದು" ಎಂದಳು.

ನಿನ್ನೆ ಅಂಗಡಿಯ ಯಜಮಾನರ ಹತ್ತಿರ ಹೋಗಿ ಕ್ಷಮೆ ಕೇಳಿ ಬಂದೆ. ಈಗ ನಿನ್ನನ್ನು ಕೇಳುತ್ತಿದ್ದೇನೆ. ನೀನು ಉತ್ತರ ಬರೆದರೆ ಬರಿ, ಬರೆಯದಿದ್ದರೆ ನಾನು ಕೇಳುತ್ತಲೇ ಇರುತ್ತೇನೆ.

ಮೂರು ಮೊಳೆ ನನ್ನ ಜೇಬಿನಲ್ಲಿವೆ. ಮಗಳು ಸುತ್ತಿಗೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಾಳೆ, ಮುಗೀತಾ ಎಂದು ಕೇಳಿದಳು. ನಾನು ಏನು ಹೇಳುತ್ತೇನೆ ಎಂದು ನನ್ನ ತುಟಿಯನ್ನೇ ನೋಡುತ್ತಿದ್ದಾಳೆ.